ಹೊದಿಕೆ ಸರಿಸಿ ಬೆನ್ನು ನೋಡಿ

ಪಾರ್ಶ್ವವಾಯುವಿನಿಂದ ಎಡಭಾಗದ ಸ್ವಾಧೀನ ಕಳೆದುಕೊಂಡಿದ್ದ ನಮ್ಮ ತಂದೆಯವರನ್ನು ಕಳೆದ ಮಳೆಗಾಲದಲ್ಲಿ ಚಿಕ್ಕಮಗಳೂರಿನ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದ್ದೆವು. ಮೂಡಿಗೆರೆ ಕಡೆಯ ನಮ್ಮ ಮನೆಯಲ್ಲಿ ಆಷಾಢದಲ್ಲಿ ಬಟ್ಟೆ ಒಣಗುವುದೇ ಕಷ್ಟ. ಅವರನ್ನು ಎತ್ತಿ ಕೂರಿಸುವ ಶಕ್ತಿ ಅಮ್ಮನಿಗೂ ಉಳಿದಿರಲಿಲ್ಲ. ಪ್ರತಿ ಭಾನುವಾರ ನಾನು ಹೋದಾಗ ಅವರು ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ತೊಟ್ಟು, ಸೊಂಟದವರೆಗೆ ಕಂಬಳಿ ಹೊದ್ದು, ಎತ್ತರಿಸಿದ ಮಂಚಕ್ಕೆ ಒರಗಿ ಕುಳಿತಿರುತ್ತಿದ್ದರು. ಅಷ್ಟನ್ನು ನೋಡಿ ಸಮಾಧಾನದಿಂದ ಬಸ್ಸು ಹತ್ತುತ್ತಿದ್ದೆ. ಆರು ವಾರಗಳಲ್ಲಿ ಒಮ್ಮೆಯೂ ಆ ಕಂಬಳಿಯನ್ನು ಸರಿಸಿ ನೋಡಲಿಲ್ಲ.

ಏಳನೆಯ ಭಾನುವಾರ ಫಿನಾಯಿಲ್ ವಾಸನೆಯನ್ನೂ ಮೀರಿ ಕೊಳೆತ ನಾತ ಬರುತ್ತಿತ್ತು, ಮೈ ಸುಡುತ್ತಿತ್ತು. ಮಗ್ಗುಲಿಗೆ ಹೊರಳಿಸಿದಾಗ ಬೆನ್ನಿನ ಬುಡದಲ್ಲಿ ಅಂಗೈಯಗಲದ ಕಪ್ಪು ಹುಣ್ಣು ಕಂಡಿತು. ಆಸ್ಪತ್ರೆಯಲ್ಲಿ ಸತ್ತ ಮಾಂಸವನ್ನು ತೆಗೆದ ಮೇಲೆ ಒಳಗಿನ ಮೂಳೆ ಕಾಣುತ್ತಿತ್ತು. ಅದು ಹಾಸಿಗೆ ಹುಣ್ಣಿನ ನಾಲ್ಕನೆಯ ಹಂತ, ಅಂದರೆ ಕೊನೆಯ ಹಂತ.

ಕೇಂದ್ರದ ಆಯಾ ಅಳುತ್ತಾ, "ಎರಡು ವಾರದ ಹಿಂದೇನೇ ಕೆಂಪಗಾಗಿತ್ತು ಅಣ್ಣ, ಪೌಡರ್ ಹಾಕಿ ಚೆನ್ನಾಗಿ ತಿಕ್ಕಿದ್ವಿ" ಎಂದರು. ಅವರಿಗೆ ಯಾರೂ ಕಲಿಸಿರಲಿಲ್ಲ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಮಾಂಸಕ್ಕೆ ರಕ್ತ ಹರಿಯದೆ ಅದು ಸಾಯತೊಡಗುತ್ತದೆ. ಎಷ್ಟೋ ಸಲ ಹಾನಿ ಮೂಳೆಯ ಹತ್ತಿರವೇ ಮೊದಲಾಗಿ, ಚರ್ಮ ಒಡೆಯುವ ಹೊತ್ತಿಗೆ ಒಳಗೆ ಬಹಳಷ್ಟು ಹೋಗಿರುತ್ತದೆ. ಅಂಥ ಜಾಗವನ್ನು ತಿಕ್ಕಿದರೆ ಹಾನಿ ಹೆಚ್ಚುತ್ತದೆ. ಕುಂಡೆಯ ಕೆಳಗೆ ಇಟ್ಟಿದ್ದ ಗಾಳಿಯ ರಿಂಗ್ ಸಹ ಸುತ್ತಲಿನ ಮಾಂಸಕ್ಕೆ ರಕ್ತ ಹರಿಯುವುದನ್ನು ತಡೆಯುತ್ತದೆ.

ನನ್ನನ್ನು ಇಂದಿಗೂ ಕಾಡುವುದು ಬೇರೆಯೇ ಸಂಗತಿ. ತಲೆಯ ಕಡೆಯನ್ನು 30 ಡಿಗ್ರಿಗಿಂತ ಎತ್ತರಿಸಿ ಗಂಟೆಗಟ್ಟಲೆ ಕೂರಿಸಿದರೆ ಮೈ ನಿಧಾನವಾಗಿ ಕೆಳಕ್ಕೆ ಜಾರುತ್ತದೆ, ಚರ್ಮ ಮಾತ್ರ ಹಾಸಿಗೆಗೆ ಅಂಟಿಕೊಂಡು ಒಳಗಿನ ರಕ್ತನಾಳಗಳು ಜಗ್ಗಿ ಕಿತ್ತುಹೋಗಬಹುದು. ನಾನು ಕಂಡು ನೆಮ್ಮದಿಪಟ್ಟಿದ್ದ ಆ ಒರಗಿದ ಭಂಗಿಯೇ, ಕೆಳಗಿದ್ದ ಮೂತ್ರದ ತೇವದೊಂದಿಗೆ ಸೇರಿ, ಅವರನ್ನು ತಿನ್ನುತ್ತಿತ್ತು.

ಹಿರಿಯರನ್ನು ಇಂಥ ಕಡೆ ಬಿಟ್ಟಿರುವವರು ದಯವಿಟ್ಟು ಹೋದಾಗಲೆಲ್ಲ ಬೆನ್ನಿನ ಬುಡ, ಸೊಂಟದ ಎರಡೂ ಪಕ್ಕ, ಹಿಮ್ಮಡಿ, ತಲೆಯ ಹಿಂಭಾಗವನ್ನು ನೀವೇ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಣ್ಣ ಬಿಳಿಚದಿದ್ದರೆ ಅದು ಮೊದಲ ಹಂತ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದೇ ಇಲ್ಲದಿರಬಹುದು; ಸುತ್ತಲಿಗಿಂತ ಬಿಸಿ, ಗಡಸು, ನೋವು ಅಥವಾ ನೇರಳೆ ಛಾಯೆ ಇದೆಯೇ ಎಂದು ನೋಡಿ, ಮುಟ್ಟಿ ತಿಳಿಯಬೇಕು.

ಸೇರಿಸುವ ದಿನವೇ ಮೈಯೆಲ್ಲ ಪರೀಕ್ಷಿಸಿ ಬರೆದಿಡಲು ಹೇಳಿ. ಹಾಸಿಗೆ ಹುಣ್ಣಾಗುವ ಅಪಾಯವನ್ನು ಅಳೆಯುವ ಬ್ರೇಡನ್ ಮಾಪಕದಲ್ಲಿ ಅಂಕ ಎಷ್ಟು ಎಂದು ಕೇಳಿ. 1987ರಲ್ಲಿ ಪ್ರಕಟವಾದ ಈ ಮಾಪಕದಲ್ಲಿ 23ಕ್ಕೆ 18 ಅಥವಾ ಅದಕ್ಕಿಂತ ಕಡಿಮೆ ಬಂದವರನ್ನು ಸಾಮಾನ್ಯವಾಗಿ ಅಪಾಯದಲ್ಲಿರುವವರೆಂದು ಎಣಿಸುತ್ತಾರೆ. ಸಾಧಾರಣವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬದಲಿಸಿದ ಸಮಯವನ್ನು ಹಾಳೆಯಲ್ಲಿ ಬರೆಯಬೇಕು. ಆ ಹಾಳೆಯನ್ನು ಕೇಳಿ ನೋಡಿ. "ಏರ್ ಬೆಡ್ ಹಾಕಿದ್ದೇವೆ, ಹೊರಳಿಸುವುದು ಬೇಕಿಲ್ಲ" ಎಂದರೆ ಒಪ್ಪಬೇಡಿ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಇರಲಿ. ಗಾಯವಾಗಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಸುರಿಯಲು ಬಿಡಬೇಡಿ, ಅದು ಹೊಸ ಮಾಂಸವನ್ನೂ ಸುಡುತ್ತದೆ. ಸಲೈನ್‌ನಿಂದ ತೊಳೆಯುತ್ತಾರೆಯೇ ನೋಡಿ. ಬರೀ ಗಂಜಿಯಿಂದ ಗಾಯ ತುಂಬುವುದಿಲ್ಲ, ಮೊಟ್ಟೆ, ಬೇಳೆ, ಹಾಲು ಬೇಕು. ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿಗೆ ಎಷ್ಟು ಕೊಡಬೇಕೆಂದು ವೈದ್ಯರನ್ನೇ ಕೇಳಿ.

ತಂದೆಯವರು ಈಗ ಮನೆಯಲ್ಲಿದ್ದಾರೆ. ತಂಗಿಯೂ ನಾನೂ ರಾತ್ರಿ ಸರದಿಯಲ್ಲಿ ಎದ್ದು ಅವರ ಮಗ್ಗುಲು ಬದಲಿಸುತ್ತೇವೆ. ಐದು ತಿಂಗಳಾದರೂ ಆ ಗಾಯ ಇನ್ನೂ ಪೂರ್ತಿ ಮುಚ್ಚಿಲ್ಲ.