ಅಂಚು ಕತ್ತರಿಸುವ ಮೊದಲು ಫೋನು ಮಾಡಿದ ಬೈಂಡರ್

ಅಪ್ಪನ ಬೈಬಲ್ಲಿನ ಬೆನ್ನು ಕಿತ್ತು ಬಂದು ಎರಡು ಮಳೆಗಾಲವಾಗಿತ್ತು. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಆಷಾಢ ಬಂತೆಂದರೆ ಕಪಾಟಿನೊಳಗೂ ಬೂಷ್ಟು ಹಿಡಿಯುತ್ತದೆ. ಮೊದಲು ಬೇರೊಂದು ಕಡೆ ಕೊಟ್ಟಿದ್ದೆ. ಅಲ್ಲಿ ಹೊಲಿಗೆಯನ್ನು ಮುಟ್ಟದೆ ಬೆನ್ನಿಗೆ ಗೋಂದು ಸುರಿದು ರಟ್ಟು ಅಂಟಿಸಿ ಕೊಟ್ಟರು; ಮೂರೇ ತಿಂಗಳಲ್ಲಿ ಕೀರ್ತನೆಗಳ ಹಾಳೆಗಳು ಉದುರತೊಡಗಿದವು. ಈ ಸಲ ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯ ಪುಟ್ಟ ಅಂಗಡಿಗೆ ಒಯ್ದೆ.

ಮೂರನೆಯ ದಿನ ಅಂಗಡಿಯವರು ಫೋನು ಮಾಡಿದರು. "ಹೊಲಿಗೆ ಮುಗಿದಿದೆ. ಮೂರು ಬದಿ ಕತ್ತರಿಸಿದರೆ ನೋಡಲು ಚೆಂದ. ಆದರೆ ಲೂಕನ ಸುವಾರ್ತೆಯ ಹತ್ತಿರ ಅಂಚಿನಲ್ಲಿ ಪೆನ್ಸಿಲ್ ಬರಹವಿದೆ, ಕೊನೆಯ ಅಕ್ಷರಗಳು ಹೋಗುತ್ತವೆ. ಏನು ಮಾಡಲಿ?"

ಕತ್ತರಿಸಬೇಡಿ ಎಂದೆ. ಮರುದಿನ ಬಸ್ಸು ಹತ್ತಿ ನಾನೇ ಹೋದೆ.

ಆ ಪುಟ ಲೂಕ 14ನೇ ಅಧ್ಯಾಯ. ತಂದೆ, ತಾಯಿ, ಹೆಂಡತಿ, ಮಕ್ಕಳನ್ನು ದ್ವೇಷಿಸದವನು ನನ್ನ ಶಿಷ್ಯನಾಗಲಾರ ಎಂದು ಯೇಸು ಹೇಳುವ 26ನೇ ವಚನದ ಪಕ್ಕ ಅಪ್ಪ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು, ಹಾಳೆ ಹರಿಯುವಷ್ಟು ಒತ್ತಿ. 2004ರಲ್ಲಿ ಅಕ್ಕ ಸಿಸ್ಟರ್, ಎಂದರೆ ಕ್ರೈಸ್ತ ಸನ್ಯಾಸಿನಿ, ಆಗುತ್ತೇನೆಂದು ಕಾನ್ವೆಂಟಿಗೆ ಹೊರಟ ವಾರ ಅದು. ಅವಳಿಗೆ ಗಂಡು ಗೊತ್ತಾಗಿತ್ತು. ಅಪ್ಪ ಆರು ವರ್ಷ ಅವಳಿಗೆ ಕಾಗದ ಬರೆಯಲಿಲ್ಲ.

ಅಪ್ಪ ಹಾಸಿಗೆ ಹಿಡಿದಾಗ ಅಕ್ಕ ಅನುಮತಿ ಪಡೆದು ಬಂದು ಮೂರು ವಾರ ಇದ್ದಳು. ಮೈ ಒರೆಸಿದಳು, ಗಂಜಿ ಕುಡಿಸಿದಳು. ಪ್ರಶ್ನೆಯ ಕೆಳಗೆ ಅವಳು ಬರೆದದ್ದು ಆಗಲೇ: "ಆದಿಕಾಂಡ 29, ಮಾರ್ಕ 7 ಓದಿ ಅಪ್ಪ." ಆ "ಅಪ್ಪ" ಹಾಳೆಯ ತುದಿಗೆ ಕೂದಲೆಳೆಯಷ್ಟು ಹತ್ತಿರವಿದೆ.

ಆದಿಕಾಂಡದಲ್ಲಿ ಯಾಕೋಬನಿಗೆ ತನ್ನ ಇಬ್ಬರು ಹೆಂಡಿರಲ್ಲಿ ಲೇಯಳಿಗಿಂತ ರಾಹೇಲಳ ಮೇಲೆ ಹೆಚ್ಚು ಪ್ರೀತಿ ಎನ್ನುವ ವಚನದ ಬೆನ್ನಿಗೇ, ದೇವರು ಲೇಯಳು ದ್ವೇಷಕ್ಕೆ ಗುರಿಯಾದದ್ದನ್ನು ಕಂಡರು ಎಂದು ಬರುತ್ತದೆ. ಕಡಿಮೆ ಪ್ರೀತಿಗೆ ಹೀಬ್ರೂ ನುಡಿ ಬಳಸುವ ಮಾತು ಅದು. ಮತ್ತಾಯ 10:37 ಇದನ್ನೇ ಬಿಡಿಸಿ ಹೇಳುತ್ತದೆ: ನನಗಿಂತ ಹೆಚ್ಚಾಗಿ ತಂದೆತಾಯಿಯನ್ನು ಪ್ರೀತಿಸುವವನು ನನಗೆ ಯೋಗ್ಯನಲ್ಲ. ಮಾರ್ಕ 7 ಇನ್ನೊಂದು ಕಡೆಯಿಂದ ಹಿಡಿಯುತ್ತದೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು "ಕೊರ್ಬಾನ್", ದೇವರಿಗೆ ಮುಡಿಪು, ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ಯೇಸು ಅಲ್ಲಿ ಖಂಡಿಸುತ್ತಾರೆ. ದೇವರು ಮೊದಲು ಎನ್ನುವುದೂ ಅಪ್ಪನಿಗೆ ಗಂಜಿ ಕುಡಿಸುವುದೂ ಅಕ್ಕನ ಮಟ್ಟಿಗೆ ಎರಡು ಮಾತಾಗಿರಲಿಲ್ಲ. ಅವಳು ಹೋದದ್ದನ್ನು ಹದಿನೆಂಟರ ಹುಡುಗನಾಗಿ ನಾನೂ ಕ್ಷಮಿಸಿರಲಿಲ್ಲ. ಈ ಎರಡು ಅಧ್ಯಾಯಗಳನ್ನು ನಾನು ಓದಿದ್ದು ಅಪ್ಪ ತೀರಿಕೊಂಡ ಮೇಲೆ.

ಇನ್ನು ಕೆಲಸದ ಮಾತು. ಹಳೆಯ ಗೋಂದನ್ನು ಒದ್ದೆ ಬಟ್ಟೆಯಿಟ್ಟು ನೆನೆಸಿ ಕೆರೆದು ತೆಗೆದಿದ್ದಾರೆ. ಒಂದೊಂದು ಮಡಿಕೆಯನ್ನೂ ಬಿಡಿಸಿ ದಾರದಲ್ಲಿ ಹೊಲಿದಿದ್ದಾರೆ. ಪುಸ್ತಕ ಮೇಜಿನ ಮೇಲೆ ಪೂರ್ತಿ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಮೈದಾ ಅಂಟಿಗೆ ಒಂದು ಚಿಟಿಕೆ ಮೈಲುತುತ್ತ ಬೆರೆಸುತ್ತಾರಂತೆ, ಹುಳು ಹಿಡಿಯದಿರಲೆಂದು. ನಾವು ಅಡಕೆಗೆ ಔಷಧಿ ಹೊಡೆಯಲು ಸುಣ್ಣದ ಜೊತೆ ಕಲಸುವ ಅದೇ ಮೈಲುತುತ್ತ. ಹೊದಿಕೆ ಕಪ್ಪು ಕ್ಯಾಲಿಕೊ ಬಟ್ಟೆ. 650 ರೂಪಾಯಿ ತೆಗೆದುಕೊಂಡರು. ಇನ್ನೂರು ಹೆಚ್ಚು ಕೇಳಿದ್ದರೂ ಕೊಡುತ್ತಿದ್ದೆ.

ಕೊರತೆ ಎಂದರೆ ತಡ. ನಾಲ್ಕು ದಿನ ಎಂದವರು ಹನ್ನೊಂದು ದಿನ ತೆಗೆದುಕೊಂಡರು, ಮಳೆಗೆ ಅಂಟು ಒಣಗಲಿಲ್ಲವಂತೆ. ಬೆನ್ನಿನ ಮೇಲಿನ ಚಿನ್ನದ ಬಣ್ಣದ ಅಕ್ಷರಗಳೂ ತುಸು ವಾರೆಯಾಗಿವೆ. ಕೊಡುವುದಿದ್ದರೆ ದೀಪಾವಳಿ ಕಳೆದ ಮೇಲೆ ಕೊಡಿ. ಒಳಗೆ ಮನೆಯವರ ಬರಹವಿದ್ದರೆ ಮೊದಲೇ ಹೇಳಿ, ಅಂಚನ್ನು ಹಾಗೆಯೇ ಬಿಡುತ್ತಾರೆ.

ಕ್ರಿಸ್‌ಮಸ್‌ಗೆ ಅಕ್ಕ ಬರುತ್ತಾಳೆ. ಪುಸ್ತಕವನ್ನು ಅವಳ ಕೈಗೇ ಕೊಡಬೇಕೆಂದಿದ್ದೇನೆ.