ಮಾಂಟ್ಗೊಮರಿ ಕಿಂಗ್ ಪಾರ್ಸನೇಜ್ ಟೂರ್: ಚರ್ಚಿಗಿಂತ ಮೊದ್ಲು ಮನೆ ನೋಡಿ

ಅಟ್ಲಾಂಟಾ ಕಡೆ ಇರೋ ಕನ್ನಡದವ್ರಿಗೆ ಮಾಂಟ್ಗೊಮರಿ ಒಂದು ದಿನದಲ್ಲಿ ಹೋಗಿ ಬರೋ ಊರು, ಕಾರಲ್ಲಿ ಸುಮಾರು ಎರಡೂವರೆ ಗಂಟೆ, ಅಲಬಾಮಾ ಬಾರ್ಡರ್ ದಾಟಿದ ಮೇಲೆ ಟೈಮ್ ಒಂದು ಗಂಟೆ ಹಿಂದೆ ಹೋಗತ್ತೆ, ಅದನ್ನ ಲೆಕ್ಕ ಹಾಕ್ಕೊಂಡೇ ಹೊರಡಿ, ಇಲ್ಲಾಂದ್ರೆ ಬಾಗಿಲು ತೆಗಿಯೋಕೆ ಮುಂಚೆನೇ ಹೋಗಿ ನಿಂತಿರ್ತೀರ. ಮಾರ್ಟಿನ್ ಲೂಥರ್ ಕಿಂಗ್ 1954ರಿಂದ 1960ರವರೆಗೆ ಅಯ್ಯನವರಾಗಿದ್ದ (ಅಂದ್ರೆ ಪಾಸ್ಟರ್) ಡೆಕ್ಸ್ಟರ್ ಅವೆನ್ಯೂ ಬ್ಯಾಪ್ಟಿಸ್ಟ್ ಚರ್ಚು ಒಂದು, ಆಗ ಅವ್ರು ಸಂಸಾರ ಮಾಡ್ತಿದ್ದ ಪಾರ್ಸನೇಜ್, ಅಂದ್ರೆ ಅಯ್ಯನವ್ರ ಮನೆ, ಇನ್ನೊಂದು, ಎರಡನ್ನೂ ಗೈಡ್ ಜೊತೆ ನೋಡ್ಬಹುದು. ಬಂದವ್ರೆಲ್ಲ ಮೊದ್ಲು ಚರ್ಚಿಗೆ ನುಗ್ತಾರೆ. ನನ್ನ ಕೇಳಿದ್ರೆ ಮೊದ್ಲು ಮನೆ.

ಸೌತ್ ಜಾಕ್ಸನ್ ಸ್ಟ್ರೀಟಲ್ಲಿ ಬಿಳಿ ಬಣ್ಣದ ಸಾಧಾರಣ ಮರದ ಮನೆ. ಜಗಲಿ ಹತ್ತುವಾಗ ಕೆಳಗೆ ನೋಡಿ, ನೆಲದಲ್ಲಿ ಒಂದು ಕಡೆ ಸಣ್ಣ ಗುಂಡಿ ಬಿದ್ದಿದೆ, 1956ರ ಜನವರಿ 30ರ ರಾತ್ರಿ ಬಾಂಬ್ ಬಿದ್ದ ಜಾಗ ಅದು. ಬಸ್ಸಲ್ಲಿ ಕಪ್ಪು ಜನರಿಗೆ ಮಾಡ್ತಿದ್ದ ಭೇದದ ವಿರುದ್ಧ ಊರಿನ ಕಪ್ಪು ಜನ ಬಸ್ ಬಹಿಷ್ಕಾರ ಹಾಕಿದ್ರು, ಕಿಂಗ್ ಅದ್ರ ಮುಂದಾಳು. ಆಗ ಒಳಗೆ ಕೊರೆಟಾ ಅವ್ರು, ಮೂರು ತಿಂಗಳೂ ತುಂಬದ ಮಗು ಮತ್ತೆ ಚರ್ಚ್ ಸಭೆಯ ಒಬ್ಬ ಹೆಂಗಸು ಇದ್ರು, ಯಾರಿಗೂ ಏನೂ ಆಗಲಿಲ್ಲ. ಮೀಟಿಂಗಲ್ಲಿದ್ದ ಕಿಂಗ್ ಓಡಿ ಬಂದಾಗ ಮನೆ ಮುಂದೆ ಸಿಟ್ಟಾದ ಜನ ಸೇರಿಬಿಟ್ಟಿದ್ರು, ಕೆಲವ್ರ ಕೈಲಿ ಆಯುಧ ಬೇರೆ, ಇದೇ ಜಗಲಿ ಮೇಲೆ ನಿಂತು ಅವ್ರನ್ನೆಲ್ಲ ಸಮಾಧಾನ ಮಾಡಿ ಮನೆಗೆ ಕಳಿಸಿದ್ರು. ಆಗ ಅವ್ರಿಗೆ ಬರೀ 27 ವರ್ಷ.

ಆದ್ರೆ ನಾನು ಹೆಚ್ಚು ಹೊತ್ತು ನಿಂತಿದ್ದು ಅಡುಗೆಮನೆಲಿ. ಬಾಂಬ್ ಬೀಳೋಕೆ ಮೂರು ದಿನ ಮುಂಚೆ, ಮಧ್ಯರಾತ್ರಿ ಕೊಲೆ ಬೆದರಿಕೆ ಫೋನ್ ಬಂದು, ನಿದ್ದೆ ಬರದೆ ಎದ್ದು ಕಾಫಿ ಮಾಡ್ಕೊಂಡು ಇಲ್ಲಿ ಟೇಬಲ್ ಮುಂದೆ ಕೂತಿದ್ರಂತೆ, ಹೇಡಿ ಅನ್ನಿಸ್ಕೊಳ್ದೆ ಈ ಹೋರಾಟದಿಂದ ಹೆಂಗಪ್ಪಾ ಜಾರ್ಕೊಳ್ಳೋದು ಅಂತ ಯೋಚ್ನೆ ಮಾಡ್ತಿದ್ರಂತೆ, ಕೊನೆಗೆ ತಲೆ ಕೈಮೇಲಿಟ್ಟು, ನನ್ನ ಕೈಲಿ ಆಗ್ತಿಲ್ಲ ಅಂತ ಜೋರಾಗೇ ಪ್ರಾರ್ಥನೆ ಮಾಡಿದ್ದಾಗಿ ಆಮೇಲೆ ಅವ್ರೇ ಹೇಳ್ಕೊಂಡಿದ್ದಾರೆ. ನಾವೆಲ್ಲ ಭಾಷಣದಲ್ಲಿ ಕೇಳಿರೋ ಕಿಂಗ್ ಅಂದ್ರೆ ಗುಡುಗೋ ದನಿ, ಇಲ್ಲಿ ಸಿಗೋದು ಹೆದರಿದ ಗಂಡಸು. ದೊಡ್ಡ ಮನೆ ಅಲ್ಲ, ಒಲೆ, ಟೇಬಲ್, ಕುರ್ಚಿ ಅಷ್ಟೇ, ಸ್ಕ್ರೀನು ಆಡಿಯೋ ಅಂತ ದೊಡ್ಡ ಮ್ಯೂಸಿಯಂ ಥರ ಎದುರು ನೋಡ್ಬೇಡಿ.

ಚರ್ಚು ಕೆಂಪು ಇಟ್ಟಿಗೆದು, ಅಲಬಾಮಾ ಸರ್ಕಾರದ ಕ್ಯಾಪಿಟಲ್ ಕಟ್ಟಡದಿಂದ ಕೂಗಳತೆ ದೂರ, ಗುಲಾಮಗಿರಿ ಉಳಿಸ್ಕೊಳ್ಳೋಕೆ ಬೇರೆಯಾದ ರಾಜ್ಯಗಳ ಅಧ್ಯಕ್ಷ 1861ರಲ್ಲಿ ಪ್ರಮಾಣ ತಗೊಂಡಿದ್ದು ಆ ಕ್ಯಾಪಿಟಲ್ ಮೆಟ್ಟಿಲ ಹತ್ರನೇ. ಕೆಳಗಡೆ ಕಿಂಗ್ ಅವ್ರ ಜೀವನದ ದೊಡ್ಡ ಗೋಡೆ ಚಿತ್ರ ಇದೆ, ಚೆನ್ನಾಗಿದೆ, ಅಲ್ಲೇ ಅವ್ರ ಆಫೀಸೂ ಇದೆ. ಇದು ಓದಿದ, ಒಳ್ಳೆ ಕೆಲಸದಲ್ಲಿದ್ದ ಕಪ್ಪು ಜನರ ಚರ್ಚ್ ಸಭೆ, ಕಳ್ಕೊಳ್ಳೋಕೆ ಅವ್ರಿಗೆ ಬೇಕಾದಷ್ಟಿತ್ತು. ಈ ಸಭೆಯವ್ರೇ ಆದ ಕಾಲೇಜ್ ಟೀಚರ್ ಜೋ ಆನ್ ರಾಬಿನ್ಸನ್, ಬಸ್ಸಲ್ಲಿ ಬಿಳಿಯರಿಗೆ ಸೀಟ್ ಬಿಟ್ಟುಕೊಡದೆ ರೋಸಾ ಪಾರ್ಕ್ಸ್ ಅರೆಸ್ಟ್ ಆದ 1955ರ ಡಿಸೆಂಬರ್ 1ರ ರಾತ್ರಿನೇ ಕೂತು ಸಾವಿರಾರು ಕರಪತ್ರ ಸೈಕ್ಲೋಸ್ಟೈಲ್ ಹೊಡೆದು ಹಂಚಿಸದೇ ಇದ್ದಿದ್ರೆ ಆ 381 ದಿನದ ಬಸ್ ಬಹಿಷ್ಕಾರ ಶುರುನೇ ಆಗ್ತಿರಲಿಲ್ಲ ಅಂತ ನನ್ನ ಅನಿಸಿಕೆ, ಆದ್ರೂ ಎಲ್ರ ಬಾಯಲ್ಲಿ ಕಿಂಗ್ ಹೆಸರೊಂದೇ.

ಇನ್ನೊಬ್ರು ಜಾರ್ಜಿಯಾ ಗಿಲ್ಮೋರ್, ಅಡುಗೆ ಕೆಲಸದವ್ರು. ಕೋರ್ಟಲ್ಲಿ ಬಸ್ಸಿನವ್ರ ವಿರುದ್ಧ ಸಾಕ್ಷಿ ಹೇಳಿದ್ರು, ಕೆಲಸ ಹೋಯ್ತು, ಮನೆಲೇ ಅಡುಗೆ ಮಾಡಿ ಮಾರೋಕೆ ಶುರು ಮಾಡಿದ್ರು. ಅವ್ರ ಗುಂಪಿನ ಹೆಂಗಸ್ರು ಕೇಕು, ಪೈ, ಊಟ ಮಾರಿ ಬಂದ ದುಡ್ಡನ್ನ ಮೀಟಿಂಗಲ್ಲಿ ತಂದು ಕಾಣಿಕೆ ಹಾಕೋರು, ಯಾರು ಕೊಟ್ರು ಅಂತ ಗೊತ್ತಾದ್ರೆ ಅವ್ರ ಕೆಲಸನೂ ಹೋಗತ್ತೆ ಅಂತ ಗುಂಪಿನ ಹೆಸರೇ 'ಕ್ಲಬ್ ಫ್ರಮ್ ನೋವೇರ್'. ಬಸ್ ಬಿಟ್ಟ ಜನರನ್ನ ಕೆಲಸಕ್ಕೆ ಕರ್ಕೊಂಡು ಹೋಗೋ ಕಾರುಗಳ ಪೆಟ್ರೋಲಿಗೆಲ್ಲ ಇಂಥ ದುಡ್ಡೇ. ಡೆರಿಕೋಟ್ ಸ್ಟ್ರೀಟಲ್ಲಿ ಅವ್ರ ಮನೆ ಮುಂದೆ ಬೋರ್ಡ್ ಇದೆ, ಕಾರ್ ನಿಲ್ಲಿಸಿ ಓದಿ.

ರಾಬರ್ಟ್ ಗ್ರೆಟ್ಜ್ ಅಂತ ಬಿಳಿ ಲೂಥರನ್ ಪಾಸ್ಟರ್ ಕಥೆನೂ ಓದ್ಕೊಂಡು ಹೋಗಿ, ಕಪ್ಪು ಜನರ ಸಭೆ ನೋಡ್ಕೊಳ್ತಿದ್ರು, ತಾವೇ ಕಾರ್ ಓಡಿಸಿ ಜನರನ್ನ ಬಿಡೋರು, ಅವ್ರ ಮನೆಗೂ ಬಾಂಬ್ ಹಾಕಿದ್ರು.

ನಮ್ ದೇಶಕ್ಕೂ ಇದಕ್ಕೂ ನಂಟಿದೆ. ಮೆಥಡಿಸ್ಟ್ ಮಿಷನರಿಯಾಗಿ ನಾಗಪುರದ ಹಿಸ್ಲಾಪ್ ಕಾಲೇಜಲ್ಲಿದ್ದ ಜೇಮ್ಸ್ ಲಾಸನ್ ಈ ಬಹಿಷ್ಕಾರದ ಸುದ್ದಿನ ಅಲ್ಲಿನ ಪೇಪರಲ್ಲೇ ಓದಿದ್ರು, ವಾಪಸ್ ಹೋಗಿ ಹುಡುಗ್ರಿಗೆ ಅಹಿಂಸೆಯ ಟ್ರೇನಿಂಗ್ ಕೊಟ್ರು. 1959ರಲ್ಲಿ ಕಿಂಗ್ ದಂಪತಿ ಇಂಡಿಯಾಗೆ ಬಂದಾಗ ತಿರುವನಂತಪುರದ ಸ್ಕೂಲಲ್ಲಿ ದಲಿತ ಮಕ್ಕಳ ಮುಂದೆ ಹೆಡ್‌ಮಾಸ್ಟರು ಅವ್ರನ್ನ ಅಮೆರಿಕದ ಅಸ್ಪೃಶ್ಯರು ಅಂತ ಪರಿಚಯ ಮಾಡ್ಸಿದ್ರಂತೆ, ಮೊದ್ಲು ಶಾಕ್ ಆಗಿ, ಆಮೇಲೆ ಹೌದು ನಾನೂ ಅದೇ ಅಂತ ಒಪ್ಕೊಂಡ್ರಂತೆ. ಚರ್ಚ್ ಸಭೆಯೊಳಗೇ ಜಾತಿ ನೋಡೋ ನಮ್ಮ ಜನ ಈ ಟೂರ್ ಮಾಡಿ ಕೈ ಮುಗಿದು ಬರೋದು ನೋಡಿದ್ರೆ ನಗು ಬರತ್ತೆ, ಇರ್ಲಿ ಬಿಡಿ.

ನನ್ನ ರೇಟಿಂಗ್ ಮನೆಗೆ 5ಕ್ಕೆ 5, ಚರ್ಚಿಗೆ 4. ಹೋಗೋ ಮುಂಚೆ ಎರಡೂ ಕಡೆ ಫೋನ್ ಮಾಡಿ ಟೈಮ್ ಕೇಳ್ಕೊಳ್ಳಿ. ಅದೇ ಊರಲ್ಲಿ 2018ರಲ್ಲಿ ಶುರುವಾದ, ಗುಲಾಮಗಿರಿ ಕಥೆ ಹೇಳೋ ಲೆಗಸಿ ಮ್ಯೂಸಿಯಂ ಇದೆ, ಗುಂಪುಹಲ್ಲೆಲಿ ಸತ್ತವ್ರ ಸ್ಮಾರಕನೂ ಇದೆ, ನೋಡ್ಲೇಬೇಕು, ಆದ್ರೆ ಅದೇ ದಿನ ಬೇಡ, ಮನಸ್ಸಿಗೆ ತಡ್ಕೊಳ್ಳೋಕಾಗಲ್ಲ, ಸಣ್ಣ ಮಕ್ಕಳಿದ್ರಂತೂ ಮನೆ ಮತ್ತೆ ಚರ್ಚು ಇವೆರಡೇ ಸಾಕು.