ಎಲ್‌ಎಲ್‌ಆರ್ ಪರೀಕ್ಷೆಗೆ ಬಣ್ಣದ ಪಟವೋ, ಅಣಕು ಪರೀಕ್ಷೆಯೋ?

ವಾಹನ ಚಾಲನೆಯ ಕಲಿಕಾ ಪರವಾನಗಿಯ (ಎಲ್‌ಎಲ್‌ಆರ್) ಪರೀಕ್ಷೆಯಲ್ಲಿ ಶೇ. 60ರಷ್ಟು ಉತ್ತರಗಳು ಸರಿಯಿದ್ದರೆ ಸಾಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಆದರೆ ಹೇಗೆ ಓದಬೇಕೆಂಬುದನ್ನು ಆ ಅಂಕವೊಂದನ್ನೇ ನೋಡಿ ನಿರ್ಧರಿಸಬಾರದು.

ಚಾಲನಾ ಪರವಾನಗಿ ಸೇವೆಗಳ ಸರ್ಕಾರಿ ತಾಣವಾದ ‘ಸಾರಥಿ’ಯ ಅಣಕು ಪರೀಕ್ಷೆಯಲ್ಲಿ ನಿಜವಾದ ಪರೀಕ್ಷೆಯಂತೆಯೇ ಪರದೆಯ ಮೇಲೆ ಉತ್ತರ ಆರಿಸುವ ರೂಢಿಯಾಗುತ್ತದೆ. ಪದೇ ಪದೇ ಮಾಡಿದಾಗ ಮಾತ್ರ, ಸಂಚಾರ ಚಿಹ್ನೆಯ ಅರ್ಥಕ್ಕಿಂತ ಪರಿಚಿತ ಪ್ರಶ್ನೆಯ ಉತ್ತರವೇ ಬಾಯಿಪಾಠವಾಗಿಬಿಡುವ ಅಪಾಯವಿದೆ.

ಮುದ್ರಿತ ಕೈಪಿಡಿಯ ಬಣ್ಣದ ಪಟದಿಂದ ಕಲಿಯುವುದು ನಿಧಾನ. ಆದರೂ ನನ್ನ ಒಲವು ಅದರ ಕಡೆಗೇ, ಏಕೆಂದರೆ ಅದು ಚಿಹ್ನೆಗಳ ಒಳತರ್ಕವನ್ನು ಒಂದೇ ನೋಟಕ್ಕೆ ತೋರಿಸುತ್ತದೆ: ಸಾಮಾನ್ಯವಾಗಿ ವೃತ್ತದಲ್ಲಿರುವುದು ಆಜ್ಞೆ, ತ್ರಿಕೋನದಲ್ಲಿರುವುದು ಎಚ್ಚರಿಕೆ, ಆಯತದಲ್ಲಿರುವುದು ಮಾಹಿತಿ. ‘ನೋ ಪಾರ್ಕಿಂಗ್’ ಫಲಕದ ನೀಲಿ ವೃತ್ತದಲ್ಲಿ ಒಂದೇ ಕೆಂಪು ಓರೆಗೆರೆ ಇರುತ್ತದೆ. ವಾಹನವನ್ನು ನಿಲ್ಲಿಸಲೇಬಾರದೆನ್ನುವ ಫಲಕದಲ್ಲಿ ಅಂತಹ ಎರಡು ಗೆರೆಗಳು ಒಂದನ್ನೊಂದು ಅಡ್ಡಹಾಯುತ್ತವೆ. ಬಿಡಿಬಿಡಿಯಾಗಿ ಕಂಡಾಗ ಗಲಿಬಿಲಿಗೊಳಿಸುವ ಈ ಜೋಡಿ, ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಮರೆಯುವುದಿಲ್ಲ.

ಪರೀಕ್ಷೆ ನಾಳೆಯೇ ಇದ್ದರೆ ಅಣಕು ಪರೀಕ್ಷೆಯನ್ನೇ ಹಿಡಿಯಿರಿ. ಒಂದು ವಾರ ಕೈಯಲ್ಲಿದ್ದರೆ ಮೊದಲು ಪಟವನ್ನು ಕಲಿತು, ಕೊನೆಯ ಎರಡು ದಿನಗಳನ್ನು ಅಣಕು ಪರೀಕ್ಷೆಗೆ ಮೀಸಲಿಡಿ. ಕಲಿಕಾ ಪರವಾನಗಿ ಆರು ತಿಂಗಳು ಊರ್ಜಿತವಾಗಿರುವುದರಿಂದ, ರಸ್ತೆಗಿಳಿದು ಕಲಿಯುವ ಆ ದಿನಗಳಲ್ಲೂ ಪಟ ಕೈಗೆ ಸಿಗುವಂತಿರಲಿ.